ಏಳು ಮೂವತ್ತೆಂಟರ ಸಹಿ

ಸಹಿಯಕ್ಕ ಅಂದರೆ ಆ ಆಸ್ಪತ್ರೆಯಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಅವಳು ನರ್ಸಲ್ಲ, ಡಾಕ್ಟರಂತೂ ಅಲ್ಲವೇ ಅಲ್ಲ. ಬೆಡ್‌ಪ್ಯಾನ್ ತೊಳೆಯುವ, ಹೊದಿಕೆ ಬದಲಿಸುವ, ಸ್ಟ್ರೆಚರ್ ತಳ್ಳುವ ವಾರ್ಡಿನ ಆಯಾ. ಆದರೆ ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನರ್ಸು ಕಾಗದ ಹಿಡಿದು ಹೋದರೆ ಮನೆಯವರು ದೊಡ್ಡಪ್ಪ ಬರಲಿ, ಅಳಿಯ ಬರಲಿ ಎಂದು ರಾಗ ಎಳೆಯುವರು. ಒಳಗೆ ಸರ್ಜನ್ನು ಕೈಗವಸು ಹಾಕಿಕೊಂಡು ಕೂಗಾಡುತ್ತಿರುವರು. "ಸಹಿಯಕ್ಕನ್ನ ಕರೀರಿ" ಎಂದು ಹೆಡ್ ನರ್ಸು ಹೇಳಿದರೆ ಮುಗಿಯಿತು. ಅವಳು ಬಂದು ಪಕ್ಕದಲ್ಲಿ ಕೂರುವಳು, ಹೊದಿಕೆ ಸರಿಮಾಡುವಳು, "ನಿದ್ದೆ ಬಂತಾ? ಕಾಲು ತಣ್ಣಗಿದೆಯಲ್ಲ, ಸಾಕ್ಸ್ ತರ್ಲಾ?" ಎನ್ನುವಳು, ಮಾತಿನ ನಡುವೆಯೇ ಹೆಬ್ಬೆರಳಿನಿಂದ ಜಾಗ ತೋರಿಸಿ "ಇಲ್ಲೊಂದು ಹಾಕಿ, ಇಲ್ಲೊಂದು. ಏನೂ ಇಲ್ಲ, ಮಾಮೂಲಿ" ಎನ್ನುವಳು. ಅಷ್ಟರಲ್ಲಿ ಸಹಿ ಬಿದ್ದಿರುತ್ತಿತ್ತು.

ಆಮೇಲೆ ಗೋಡೆಯ ಗಡಿಯಾರ ನೋಡಿ ಸಹಿಯ ಪಕ್ಕದಲ್ಲಿ ತಾರೀಖು, ಗಂಟೆ, ನಿಮಿಷವನ್ನು ತನ್ನ ಕೈಯಾರೆ ಬರೆಯುವಳು. ಹಿಂದೊಮ್ಮೆ ಸಹಿ ಆಪರೇಷನ್ನಿಗೆ ಮೊದಲು ಬಿತ್ತೋ ಆಮೇಲೆ ಬಿತ್ತೋ ಎಂದು ದೊಡ್ಡ ರಂಪವಾಗಿ, ಬೈಗುಳವೆಲ್ಲ ಇವಳ ತಲೆಯ ಮೇಲೇ ಬಿದ್ದಿತ್ತು. ಅಂದಿನಿಂದ ನಿಮಿಷ ಬರೆಯದೆ ಒಂದೇ ಒಂದು ಕಾಗದವನ್ನೂ ಕೈಯಿಂದ ಬಿಟ್ಟವಳಲ್ಲ.

ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಡ್ಯೂಟಿ ಇತ್ತು" ಎನ್ನುತ್ತಿದ್ದಳು. ಮೂರು ಮಹಡಿಯ ಹಳೆಯ ಕಟ್ಟಡವೊಂದರಲ್ಲಿ ಒಂದೇ ಕೋಣೆ ಅವಳ ಸಂಸಾರ. ಕಿಟಕಿಯ ಪಕ್ಕ ಸ್ಟವ್ವು, ಸ್ಟವ್ವಿನ ಪಕ್ಕ ಮಂಚ. ಎದುರು ಬಾಗಿಲು ಟೈಲರಮ್ಮನದು. ಗಂಡ ಬಿಟ್ಟುಹೋದ ಮೇಲೆ ಹೊಲಿಗೆ ಮಿಶನ್ನು ತುಳಿದು ಮಗನನ್ನು ಓದಿಸಿದ ಗಟ್ಟಿ ಹೆಂಗಸು. ಇಪ್ಪತ್ತಾರು ವರ್ಷದ ಸ್ನೇಹ. ಒಂದು ಟೀ ಪಾತ್ರೆ ಎರಡು ಮನೆಗೂ ಓಡಾಡುತ್ತಿತ್ತು. ಅದು ನಿಜವಾಗಿ ಯಾರದು ಎಂಬುದು ಇಬ್ಬರಿಗೂ ಮರೆತೇಹೋಗಿತ್ತು.

ಸಹಿಯಕ್ಕ ನಿವೃತ್ತಳಾದಾಗ ಮೂವತ್ತೊಂದು ವರ್ಷದ ದುಡಿಮೆ ಒಂದು ಗಂಟಾಗಿ ಕೈಗೆ ಬಂತು. ಅದೇ ತಿಂಗಳು ಟೈಲರಮ್ಮನಿಗೆ ಆಸ್ಪತ್ರೆಯ ಸಮವಸ್ತ್ರ ಹೊಲಿಯುವ ಗುತ್ತಿಗೆ ಸಿಕ್ಕಿತು. ನಾಲ್ಕು ಹೊಸ ಮಿಶನ್ನು ಬೇಕು, ಕೈಯಲ್ಲಿ ಕಾಸಿಲ್ಲ. "ನನ್ನ ಹತ್ರ ಸುಮ್ನೆ ಬಿದ್ದಿದೆ, ತಗೊಳೇ" ಎಂದು ಸಹಿಯಕ್ಕ ಗಂಟನ್ನು ಗಂಟಾಗಿಯೇ ಎತ್ತಿಕೊಟ್ಟಳು. ಇಷ್ಟು ಸಾಲ ಪಡೆದಿದ್ದೇನೆ ಎಂದು ಒಂದು ಹಾಳೆಯಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಟ್ಟವಳು ಟೈಲರಮ್ಮನೇ. ಸಹಿಯಕ್ಕ ಬೇಡವೆಂದರೂ ಬಿಡಲಿಲ್ಲ.

ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಆಸ್ಪತ್ರೆಯವರು ಸಿದ್ಧ ಉಡುಪು ತರಿಸತೊಡಗಿದರು, ಗುತ್ತಿಗೆ ನಿಂತಿತು. ಮಿಶನ್ನುಗಳ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿಟ್ಟಳು ಟೈಲರಮ್ಮ. ಸಾಲದ ಒಂದು ಬಿಡಿಕಾಸೂ ವಾಪಸ್ ಬಂದಿರಲಿಲ್ಲ. "ಕೊಡ್ತೀನಿ ಕಣೇ" ಎಂದು ಅವಳು, "ನಾನೇನು ಕೇಳಿದ್ನಾ?" ಎಂದು ಇವಳು. ಕೇಳಲಿಲ್ಲ ನಿಜ. ಆದರೆ ಪಿಂಚಣಿ ಬಾಡಿಗೆಗೇ ಸರಿಹೋಗುತ್ತಿತ್ತು, ಬಾಡಿಗೆ ಮತ್ತೆ ಏರುವುದರಲ್ಲಿತ್ತು. ಆ ಗಂಟು ಹೋಯಿತೆಂದರೆ ಅವಳಿಗೆ ಉಳಿಯುವುದು ತಮ್ಮನ ಮನೆಯ ಅಡಿಗೆಕೋಣೆಯ ಹಿಂದಿನ ಗೂಡು. ತಮ್ಮನ ಹೆಂಡತಿ ಬಾಯಿ ಬಿಟ್ಟು ಹೇಳಿಯೂ ಇದ್ದಳು: "ಯಾವಾಗ ಬೇಕಾದ್ರೂ ಬನ್ನಿ ಅತ್ತಿಗೆ. ನಮಗೂ ಮನೆಕೆಲಸಕ್ಕೆ ಜನ ಸಿಕ್ತಾ ಇಲ್ಲ." ಎಂಥ ಪ್ರೀತಿ ನೋಡಿ! 

ಬಾಡಿಗೆಯ ತಕರಾರಿಗೆಂದೇ ಅವಳು ಒಂದು ದಿನ ವಕೀಲರ ಬಳಿ ಹೋದದ್ದು. ಕಿಡ್ನಿಯ ಕಲ್ಲು ತೆಗೆಸಿಕೊಳ್ಳಲು ವಾರ್ಡಿಗೆ ಬಂದಿದ್ದಾಗ ಇವಳ ಹೆಬ್ಬೆರಳು ತೋರಿಸಿದಲ್ಲೇ ಸಹಿ ಹಾಕಿದ ಪುಣ್ಯಾತ್ಮ ಅವರು. ಮಾತಿಗೆ ಮಾತು ಬಂದು ಸಾಲದ ವಿಷಯ ಹೊರಬಿತ್ತು. ಹಾಳೆ ನೋಡಿದವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದರ ತಾರೀಖು ನೋಡಿದ್ರಾ? ಮುಂದಿನ ತಿಂಗಳು ಹತ್ತೊಂಬತ್ತಕ್ಕೆ ಮೂರು ವರ್ಷ ತುಂಬುತ್ತೆ."

"ತುಂಬಿದ್ರೆ?"

"ಸಾಲ ಸತ್ತ ಹಾಗೆ. ಆಮೇಲೆ ನೀವು ಕೋರ್ಟಿಗೆ ಹೋದ್ರೂ ಅವಧಿ ಮೀರಿದೆ ಅಂತ ವಾಪಸ್ ಕಳಿಸ್ತಾರೆ. ಈ ಹಾಳೇಲಿ ಕಡ್ಲೆ ಕಟ್ಟಬಹುದು."

ಸಹಿಯಕ್ಕ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ತಾರೀಖನ್ನು ಮತ್ತೆ ಓದಿದಳು.

"ಗಾಬರಿ ಆಗ್ಬೇಡಿ, ದಾರಿ ಇದೆ" ಎಂದರು ವಕೀಲರು. "ಆ ದಿನದೊಳಗೆ ಅವರು ಇನ್ನೊಂದು ಕಾಗದಕ್ಕೆ ಸಹಿ ಹಾಕಿ ಸಾಲ ಇನ್ನೂ ಇದೆ ಅಂತ ಒಪ್ಪಿಕೊಂಡ್ರೆ ಸಾಕು. ಸಹಿ ಬಿದ್ದ ದಿನದಿಂದ ಮತ್ತೆ ಮೂರು ವರ್ಷ. ಆ ಕಾಗದ ಹಿಡ್ಕೊಂಡೇ ದಾವೆ ಹಾಕಬಹುದು." ಹಾಗೆಂದು ನಾಲ್ಕು ಸಾಲು ಟೈಪು ಮಾಡಿಸಿ ಕೊಟ್ಟರು. "ನಿಮಗೇನು, ಸಹಿ ಹಾಕ್ಸೋದು ಕಲಿಸಿಕೊಡ್ಬೇಕಾ!" ಎಂದು ನಕ್ಕರು ಕೂಡ. ಅವಳಿಗೆ ನಗು ಬರಲಿಲ್ಲ.

ಸಾವಿರಾರು ಜನರಿಂದ ಸಹಿ ಹಾಕಿಸಿದ ಹೆಂಗಸಿಗೆ ಎದುರು ಮನೆಯ ಗೆಳತಿಯನ್ನು ಒಂದು ಸಹಿ ಕೇಳಲು ನಾಲಿಗೆ ಏಳಲಿಲ್ಲ. ಅಯ್ಯೋ, ಏನೆಂದು ಕೇಳುವುದು? ನಿನ್ನ ಮೇಲೆ ನಂಬಿಕೆ ಇಲ್ಲ, ನಾಳೆ ನಿನ್ನನ್ನು ಕೋರ್ಟಿಗೆ ಎಳೆಯಬೇಕಾದೀತು, ಅದಕ್ಕೊಂದು ಸಹಿ ಹಾಕು ಎಂದೇ? ಕಾಗದವನ್ನು ಕೈಚೀಲದ ತಳಕ್ಕೆ ಹಾಕಿಕೊಂಡು ದಿನವೂ ಟೀಗೆ ಹೋದಳು. ಒಂದು ದಿನ ಬಾಯಿವರೆಗೂ ಬಂತು. ಟೈಲರಮ್ಮ ಅವಳ ಹಳೆಯ ಕೋಟಿನ ತೋಳು ಹರಿದದ್ದು ನೋಡಿ "ಬಿಚ್ಚು, ಹೊಲಿದು ಕೊಡ್ತೀನಿ" ಎಂದುಬಿಟ್ಟಳು. ಇನ್ನೊಂದು ದಿನ ಚೀಲದೊಳಗೆ ಕೈ ಹಾಕಿ ಕಾಗದ ಹಿಡಿದೇ ಇದ್ದಳು, "ಏನು ಹುಡುಕ್ತಿದ್ದೀಯೇ?" ಎಂದು ಅವಳು ಕೇಳಿದಾಗ "ಮಾತ್ರೆ" ಎಂದು ಸುಳ್ಳು ಹೇಳಿ, ಸುಳ್ಳನ್ನು ನಿಜ ಮಾಡಲು ಬೇಡದ ಮಾತ್ರೆಯೊಂದನ್ನು ನುಂಗಿದಳು. ಹತ್ತೊಂಬತ್ತಕ್ಕೆ ಇಪ್ಪತ್ತು ದಿನ, ಹದಿನೈದು ದಿನ, ಹನ್ನೆರಡು ದಿನ. ಕ್ಯಾಲೆಂಡರಿನ ಕಡೆ ನೋಡುವುದಕ್ಕೇ ಹೆದರಿ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳು.

ಅಷ್ಟರಲ್ಲಿ ಟೈಲರಮ್ಮನಿಗೆ ಹೊಟ್ಟೆನೋವು ಬಂತು. ಬಂದದ್ದು ಅಂತಿಂಥ ನೋವಲ್ಲ, ನೆಲದ ಮೇಲೆ ಹೊರಳಾಡಿಸುವಂಥದ್ದು. ಸಹಿಯಕ್ಕ ತನ್ನ ಹಳೆಯ ಆಸ್ಪತ್ರೆಗೇ ಸೇರಿಸಿದಳು; ಪಿತ್ತಕೋಶದಲ್ಲಿ ಕೀವಾಗಿದೆ, ತಕ್ಷಣ ತೆಗೆಯಬೇಕು ಎಂದರು ಡಾಕ್ಟರು. ಮಗ ದೂರದಲ್ಲಿದ್ದ, ಮರುದಿನ ಮಧ್ಯಾಹ್ನಕ್ಕೆ ಬರುವವನು. ಆಪರೇಷನ್ನು ಬೆಳಿಗ್ಗೆ ಎಂಟಕ್ಕೆ. ಪಕ್ಕದಲ್ಲಿದ್ದವಳು ಸಹಿಯಕ್ಕ ಒಬ್ಬಳೇ.

ಏಳೂವರೆಗೆ ನರ್ಸು ನಾಲ್ಕು ಕಾಗದ ತಂದು ಇವಳ ಕೈಗೇ ಕೊಟ್ಟಳು. "ಸಹಿಯಕ್ಕಾ, ನೀವೇ ಹಾಕಿಸಿಬಿಡಿ. ನಿಮಗಿಂತ ಚೆನ್ನಾಗಿ ಯಾರಿಗೆ ಬರುತ್ತೆ!"

ಟೈಲರಮ್ಮ ಹಸಿರು ಗೌನು ತೊಟ್ಟು ಮಲಗಿದ್ದಳು, ಮುಖ ಬಿಳಿಚಿಕೊಂಡಿತ್ತು. "ನಿಜ ಹೇಳೇ" ಎಂದಳು. "ಎಷ್ಟು ಜನರನ್ನ ನೋಡಿದೀಯ ನೀನು. ನಾನು ವಾಪಸ್ ಬರ್ತೀನಾ?"

"ಹುಚ್ಚಿ! ಮಧ್ಯಾಹ್ನ ನೀನೇ ಟೀ ಕೇಳ್ತೀಯ ನೋಡ್ತಿರು."

ಹೇಳುವುದನ್ನು ಹೇಳಿದಳು, ಆದರೆ ತಲೆಯೊಳಗೆ ಬೇರೆಯೇ ಲೆಕ್ಕ ಓಡುತ್ತಿತ್ತು. ಕೀವಾದ ಹೊಟ್ಟೆ, ವಯಸ್ಸು ಅರವತ್ತರ ಹತ್ತಿರ. ಅಕಸ್ಮಾತ್ ಏನಾದರೂ ಆಗಿಬಿಟ್ಟರೆ? ಆಗದಿದ್ದರೂ ಇವಳು ಹಾಸಿಗೆಯಿಂದ ಏಳುವ ಹೊತ್ತಿಗೆ ಹತ್ತೊಂಬತ್ತು ದಾಟಿರುತ್ತದೆ. ಛೀ, ಇದೆಂಥ ಹೊತ್ತಿನಲ್ಲಿ ಇದೆಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಬಾಗಿ, ಚೀಲದ ತಳದಿಂದ ಐದನೆಯ ಕಾಗದವನ್ನು ತೆಗೆದು ನಾಲ್ಕರ ನಡುವೆ ಸೇರಿಸಿದಳು. ಮನಸ್ಸು ಒಪ್ಪದಿದ್ದರೂ ಕೈ ಮೂವತ್ತೊಂದು ವರ್ಷದ ಕೆಲಸವನ್ನು ಮಾಡಿತು. "ಇಲ್ಲೊಂದು ಹಾಕು. ಇಲ್ಲೊಂದು. ಏನೂ ಇಲ್ಲ, ಮಾಮೂಲಿ." ಹೆಬ್ಬೆರಳು ಜಾಗ ತೋರಿಸುತ್ತಿತ್ತು, ಅಂಗೈ ಕಾಗದದ ಮೇಲ್ಭಾಗದ ಸಾಲುಗಳನ್ನು ಮುಚ್ಚುತ್ತಿತ್ತು. ಮೂರನೆಯ ಕಾಗದದ ಹತ್ತಿರ ಪೆನ್ನು ಒಂದು ಗಳಿಗೆ ನಿಂತ ಹಾಗಾಯಿತು. ಆಮೇಲೆ ಸಹಿ ಬಿತ್ತು. ಐದೂ ಮುಗಿದವು.

ಟೈಲರಮ್ಮ ಮತ್ತೆ ಏನೂ ಕೇಳಲಿಲ್ಲ. ಇವಳ ಮಣಿಕಟ್ಟನ್ನು ಹಿಡಿದುಕೊಂಡಳು. ಥಿಯೇಟರಿನ ಬಾಗಿಲವರೆಗೂ ಬಿಡಲಿಲ್ಲ. ಸ್ಟ್ರೆಚರಿನವನು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಪಾಪ, ಆಪರೇಷನ್ನಿನ ಹೆದರಿಕೆ ಎಂದುಕೊಂಡಳು ಸಹಿಯಕ್ಕ.

ಆ ಎರಡು ಗಂಟೆ ಅವಳು ಬೆಂಚಿನ ಮೇಲೆ ಕೂತಿದ್ದಳೇ ಹೊರತು ಜೀವ ಮೈಯಲ್ಲಿರಲಿಲ್ಲ. ಒಳಗೆ ಗೆಳತಿ ಸತ್ತರೆ ತನ್ನ ಚೀಲದಲ್ಲಿರುವ ಕಾಗದ ಹೆಣದ ಕೈಯಿಂದ ಕಿತ್ತುಕೊಂಡ ಹಾಗೆ. ಬದುಕಿ ಬಂದರೆ ಅವಳ ಮುಖ ನೋಡುವುದು ಹೇಗೆ? ಯಾವುದಕ್ಕೆ ಹೆದರಬೇಕೆಂದೇ ತಿಳಿಯದೆ ಎರಡಕ್ಕೂ ಹೆದರಿದಳು. ಟೈಲರಮ್ಮ ಬದುಕಿ ಬಂದಳು. ಮಧ್ಯಾಹ್ನ ಟೀ ಕೂಡ ಕೇಳಿದಳು, ನರ್ಸು ಕೊಡಲಿಲ್ಲ. ಸಹಿಯಕ್ಕ ಬಚ್ಚಲಿಗೆ ಹೋಗಿ ಬಿಕ್ಕಿಬಿಕ್ಕಿ ಅತ್ತಳು.

ಆ ಕಾಗದ ಹಾಗೇ ಚೀಲದ ತಳದಲ್ಲಿ ಕೊಳೆತಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮಗ ಬಂದ. ತಾಯಿ ಇನ್ನು ದುಡಿಯುವುದು ಬೇಡ, ಮಿಶನ್ನು ಮಾರಿಬಿಡುತ್ತೇನೆ, ತನ್ನ ಜೊತೆ ಕರೆದುಕೊಂಡು ಹೋಗುತ್ತೇನೆ ಎಂದ. ತಾಯಿ ಹಾಸಿಗೆ ಹಿಡಿದಿದ್ದಳು, ಎಲ್ಲದಕ್ಕೂ ಮಗನ ಮುಖವನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ಕಳೆದ ಮೇಲೆ ಒಂದು ದಿನ ಸಹಿಯಕ್ಕ ಮೆಟ್ಟಿಲಿನ ಮೇಲೆ ಅವನನ್ನು ತಡೆದು, ಕೈ ಹಿಸುಕಿಕೊಳ್ಳುತ್ತ ಸಾಲದ ಮಾತೆತ್ತಿದಳು.

"ಅದೆಲ್ಲ ಹಳೇ ಕಥೆ ದೊಡ್ಡಮ್ಮ" ಎಂದ ಅವನು, ಮೊಬೈಲಿನಿಂದ ತಲೆ ಎತ್ತದೆ. "ನಾನೂ ವಿಚಾರಿಸಿದೀನಿ. ಮೂರು ವರ್ಷ ಮುಗೀತು. ಕಾನೂನಿನ ಪ್ರಕಾರ ಅಮ್ಮ ಏನೂ ಕೊಡಬೇಕಾಗಿಲ್ಲ."

ಎತ್ತಿ ಬೆಳೆಸಿದ ಮಗು! ಇವಳ ಮಡಿಲಲ್ಲೇ ಅವನಿಗೆ ಮೊದಲ ಹಲ್ಲು ಬಂದದ್ದು. ಕೋಪ ಬಂದಿದ್ದರೆ ನೇರವಾಗಿ ಎದುರು ಮನೆಗೆ ಹೋಗಿ ಗೆಳತಿಯನ್ನೇ ಕೇಳಿಬಿಡುತ್ತಿದ್ದಳೇನೋ. ಬಂದದ್ದು ಕೋಪವಲ್ಲ, ಭಯ. ಕೇಳಿದರೆ ಕಾಗದದ ಕಥೆಯನ್ನೂ ಹೇಳಬೇಕು. ಹಾಗಾಗಿ ಹೇಡಿಯ ದಾರಿ ಹಿಡಿದಳು: ವಕೀಲರ ಬಳಿ ಹೋಗಿ ಆ ಕಾಗದ ಕೊಟ್ಟಳು. ತಾರೀಖು ಹತ್ತೊಂಬತ್ತಕ್ಕೆ ಹನ್ನೊಂದು ದಿನ ಮೊದಲಿನದು ಎಂದು ನೋಡಿ ಅವರು ಖುಷಿಯಾದರು. ಮಿಶನ್ನು ಮಾರಾಟವಾಗುವ ಮೊದಲೇ ದಾವೆ ಹೂಡಿದರು.

ಕೋರ್ಟಿನವನು ಸಮನ್ಸ್ ತಂದು ಎದುರು ಬಾಗಿಲು ತಟ್ಟಿದಾಗ ಸಹಿಯಕ್ಕ ತನ್ನ ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದಳು. ಈಗ ಕೂಗುತ್ತಾಳೆ, ಈಗ ಬಂದು ಜಾಡಿಸುತ್ತಾಳೆ ಎಂದು ಕಾದಳು. ಯಾರೂ ಬರಲಿಲ್ಲ. ಸಂಜೆ ಬಾಗಿಲು ತೆರೆದಾಗ ಹೊಸ್ತಿಲ ಮುಂದೆ ಟೀ ಪಾತ್ರೆ ತೊಳೆದು ಬೋರಲು ಹಾಕಿತ್ತು. ಅವಳು ಅದನ್ನು ಒಳಗೆ ತಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಕೋರ್ಟಿನಲ್ಲಿ ತಿಂಗಳುಗಟ್ಟಲೆ ವಾಯಿದೆಯ ಮೇಲೆ ವಾಯಿದೆ ಬಿತ್ತು. ಒಂದು ದಿನ ವಕೀಲರು ಹೇಳಿಕಳಿಸಿದರು. ಹೋದರೆ ಅವರ ಮುಖ ಕಪ್ಪಿಟ್ಟಿತ್ತು. ಮೇಜಿನ ಮೇಲೆ ಐದು ಪ್ರತಿಗಳು.

"ಇದು ನಿಮ್ಮ ಅಕ್ಷರಾನಾ?" ಸಾಲ ಒಪ್ಪಿದ ಕಾಗದದಲ್ಲಿ ಸಹಿಯ ಪಕ್ಕ ಬೆರಳಿಟ್ಟರು. ತಾರೀಖಿನ ಮುಂದೆ ಬರೆದಿತ್ತು: ಬೆಳಿಗ್ಗೆ 7.38.

"ಹೂಂ."

"ಸಾಲದ ಕಾಗದಕ್ಕೆ ಯಾರಮ್ಮ ನಿಮಿಷ ಬರೀತಾರೆ? ನನಗೂ ಅವತ್ತು ಹೊಳೀಲಿಲ್ಲ. ಆ ಕಡೆ ವಕೀಲರಿಗೆ ಹೊಳೀತು. ಆಸ್ಪತ್ರೆ ಫೈಲು ತರಿಸಿದ್ದಾರೆ. ನೋಡಿ: ಏಳು ಮೂವತ್ತಾರು, ಮೂವತ್ತೇಳು, ಮೂವತ್ತೊಂಬತ್ತು, ನಲವತ್ತು. ನಡುವೆ ಮೂವತ್ತೆಂಟು ಇಲ್ಲ. ಅದು ನಮ್ಮ ಹತ್ರ ಇದೆ." ಕನ್ನಡಕ ತೆಗೆದರು. "ರೋಗಿಗೆ ಗೊತ್ತಾಗದ ಹಾಗೆ ಒಪ್ಪಿಗೆ ಪತ್ರದ ಮಧ್ಯೆ ಸೇರಿಸಿ ಮೋಸದಿಂದ ಸಹಿ ತಗೊಂಡ್ರು ಅಂತ ಜವಾಬು ಹಾಕಿದ್ದಾರೆ. ಅವರೇ ಕಟಕಟೆಗೆ ಬಂದು ಹೇಳ್ತಾರಂತೆ. ಅವರು ಹಾಗಂದ್ರೆ ದಾವೆ ಬಿದ್ದುಹೋಗುತ್ತೆ. ದಾವೆ ಹೋಗಲಿ, ನಿಮ್ಮ ಮೇಲೆ ಪೊಲೀಸ್ ಕೇಸೂ ಆಗಬಹುದು. ನಿಜ ಹೇಳಿ, ಸೇರಿಸಿದ್ರಾ?"

ಸಹಿಯಕ್ಕನ ತಲೆ ಮಾತ್ರ ಆಡಿತು, ಮೇಲಿಂದ ಕೆಳಕ್ಕೆ.

ಅಲ್ಲಿಂದ ವಿಚಾರಣೆಯ ದಿನದವರೆಗೆ ಅವಳು ಊಟ ಮಾಡಿದ್ದು ಲೆಕ್ಕಕ್ಕಿಲ್ಲ. ದುಡ್ಡಿನ ಚಿಂತೆ ಎಲ್ಲಿಗೋ ಹಾರಿಹೋಗಿತ್ತು. ಕೋರ್ಟಿನಲ್ಲಿ ಹೆಡ್ ನರ್ಸು ಇರುತ್ತಾಳೆ, ಆಸ್ಪತ್ರೆಯ ಗುಮಾಸ್ತ ಇರುತ್ತಾನೆ; ನೂರು ಕಿವಿಗಳ ಮುಂದೆ ಸಹಿಯಕ್ಕ ಕಳ್ಳಿ ಎಂದು ಗೆಳತಿಯ ಬಾಯಿಂದಲೇ ಬರುತ್ತದೆ. ನಾಳೆ ಸಹಿ ಹಾಕಿದವರೆಲ್ಲ ತಾವು ಹಾಕಿದ್ದು ಏನಕ್ಕೋ ಎಂದು ಕೇಳುತ್ತ ಬಂದರೆ? ಮೆಟ್ಟಿಲಿನಲ್ಲಿ ಯಾರ ಹೆಜ್ಜೆ ಕೇಳಿದರೂ ಪೊಲೀಸರೆಂದು ದೀಪ ಆರಿಸಿಬಿಡುತ್ತಿದ್ದಳು. ದಾವೆ ವಾಪಸ್ ತೆಗೆಯೋಣ ಎಂದರೆ, ತೆಗೆದರೂ ಆ ಕಡೆಯವರು ಬಿಡುವುದಿಲ್ಲ ಎಂದರು ವಕೀಲರು.

ಕೋರ್ಟಿನ ಕೋಣೆ ಅವಳು ಅಂದುಕೊಂಡಷ್ಟು ದೊಡ್ಡದಿರಲಿಲ್ಲ. ಎರಡು ಫ್ಯಾನು, ಒಂದು ತಿರುಗುತ್ತಿತ್ತು. ಟೈಲರಮ್ಮ ಕಟಕಟೆ ಹತ್ತಿದಳು. ಇಳಿದುಹೋಗಿದ್ದಳು, ಅಂದು ಆಸ್ಪತ್ರೆಯ ಗೌನು ಬಿಗಿಯಾಗಿದ್ದವಳು ಈಗ ತನ್ನ ಬಟ್ಟೆಯೊಳಗೇ ಸಡಿಲವಾಗಿದ್ದಳು. ಸಹಿಯಕ್ಕ ಬೆಂಚಿನ ಅಂಚನ್ನು ಹಿಡಿದು ನೆಲ ನೋಡುತ್ತ ಕೂತಳು.

ಟೈಲರಮ್ಮನ ವಕೀಲರು ಕಾಗದ ತೋರಿಸಿದರು. "ಈ ಸಹಿ ನಿಮ್ಮದೇನಾ?"

"ನಂದೇ."

"ಆಪರೇಷನ್ನಿನ ಭಯದಲ್ಲಿ, ನೋವಿನಲ್ಲಿ, ಇದು ಆಸ್ಪತ್ರೆ ಕಾಗದ ಅಂದ್ಕೊಂಡು ಓದದೆ ಹಾಕಿದ್ರಿ. ಅಲ್ವಾ?"

ಫ್ಯಾನು ಕಿರ್ರೆನ್ನುತ್ತಿತ್ತು. ಸಹಿಯಕ್ಕ ಕಣ್ಣು ಮುಚ್ಚಿದಳು.

"ಇಲ್ಲ. ಓದೇ ಹಾಕಿದ್ದು."

ವಕೀಲರಿಗೆ ಕೇಳಿಸಲಿಲ್ಲವೇನೋ ಎಂಬಂತೆ ಮತ್ತೆ ಕೇಳಿದರು. ಮಗ ಬೆಂಚಿನಿಂದ ಅರ್ಧ ಎದ್ದ. ಟೈಲರಮ್ಮ ಯಾರ ಕಡೆಗೂ ನೋಡದೆ ಹೇಳಿದಳು: "ಮೂರನೇ ಕಾಗದ. ಕೈ ಅಡ್ಡ ಇಟ್ಟಿದ್ಲು, ಆದ್ರೆ ಅವಳ ಕೈ ನಡುಗ್ತಾ ಇತ್ತು. ಅವಳ ಕೈ ನಡುಗಿದ್ದು ನಾನು ಯಾವತ್ತೂ ಕಂಡಿರ್ಲಿಲ್ಲ. ಅದಕ್ಕೇ ನೋಡಿದೆ. ಸಾಲ ಇನ್ನೂ ಕೊಡಬೇಕು ಅಂತ ಬರೆದಿತ್ತು. ನಿಜಾನೇ ತಾನೇ? ಹಾಕಿದೆ."

ನ್ಯಾಯಾಧೀಶರು ಕಡತ ತಿರುವಿದರು. "ನಿಮ್ಮ ಜವಾಬಿನಲ್ಲಿ ಬೇರೆ ಥರ ಇದೆಯಲ್ಲಮ್ಮ. ಅದಕ್ಕೂ ನಿಮ್ಮ ಸಹಿ ಇದೆ."

"ಅದು ಮಗ ಬರೆಸಿದ್ದು ಸ್ವಾಮಿ. ಅದನ್ನ ಮಾತ್ರ ಓದ್ಲಿಲ್ಲ."

ಯಾರೋ ಹಿಂದೆ ಕಿಸಕ್ಕೆಂದರು. ಅಲ್ಲಿಗೆ ಹೇಳುವುದೇನೂ ಉಳಿದಿರಲಿಲ್ಲ. ಅದೇ ತಿಂಗಳು ತೀರ್ಪಾಯಿತು: ಸಾಲ ಒಪ್ಪಿ ಸಹಿ ಮಾಡಿದ್ದು ಅವಧಿಯೊಳಗಿದೆ, ಅಸಲು ಪೂರ್ತಿ ಕಂತುಗಳಲ್ಲಿ ಕೊಡತಕ್ಕದ್ದು.

ಸಹಿಯಕ್ಕನಿಗೆ ಸಂತೋಷವಾಯಿತೇ? ಆಯಿತು, ಸುಳ್ಳು ಹೇಳಬಾರದು. ತಮ್ಮನ ಮನೆಯ ಗೂಡು ತಪ್ಪಿತು, ಪೊಲೀಸರ ಭಯ ತಪ್ಪಿತು, ಎಲ್ಲಕ್ಕಿಂತ ಹೆಚ್ಚಾಗಿ ಗೆಳತಿ ತನ್ನನ್ನು ಕಾಪಾಡಿದಳು. ತೀರ್ಪಿನ ದಿನ ಮೆಟ್ಟಿಲಿಳಿದು ಓಡೋಡಿ ಹೋದಳು. ಮಗ ಗಾಡಿ ತರಲು ಹೋಗಿದ್ದ. ಟೈಲರಮ್ಮ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು.

"ನನ್ನ ಕ್ಷಮಿಸೇ" ಎಂದು ಅವಳ ಮುಂದೆ ಕುಕ್ಕರಿಸಿದಳು ಸಹಿಯಕ್ಕ. "ಕೇಳೋಕೆ ಹೆದರಿಕೆ ಆಯ್ತು ಕಣೇ. ಅವತ್ತೇ ಯಾಕೆ ನೀನು ಏನೂ ಅನ್ಲಿಲ್ಲ? ಕಾಗದ ಮುಖಕ್ಕೆ ಎಸೀಬಾರದಿತ್ತಾ?"

ಟೈಲರಮ್ಮ ಅವಳನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸಹಿಯಕ್ಕ ತಡೆದುಕೊಳ್ಳುತ್ತಿದ್ದಳು.

"ಸಹಿ ಏನು ದೊಡ್ಡದು. ಕೇಳಿದ್ರೆ ಟೀ ಕುಡೀತಾ ಹಾಕ್ತಿದ್ದೆ" ಎಂದಳು. "ವಾಪಸ್ ಬರ್ತೀನಾ ಅಂತ ನಿನ್ನ ಕೇಳಿದೆ. ಬರ್ತೀಯ ಅಂದೆ. ಎರಡು ನಿಮಿಷಕ್ಕೆ ಆ ಕಾಗದ ಮುಂದಿಟ್ಟೆ. ಡಾಕ್ಟರು ನಿನ್ನ ಹತ್ರ ನಿಜ ಹೇಳಿದಾರೆ, ಇವಳು ಉಳಿಯಲ್ಲ ಅಂತ ನಿನಗೆ ಗೊತ್ತಾಗಿದೆ, ಅದಕ್ಕೇ ಈಗಲೇ ಹಾಕಿಸ್ಕೊಳ್ತಿದೀಯ ಅಂದ್ಕೊಂಡೆ."

ಸಹಿಯಕ್ಕ ಇಲ್ಲ ಇಲ್ಲವೆಂದು ತಲೆಯಾಡಿಸಿದಳು.

"ಮಗನ ಮುಖ ಕೂಡ ನೋಡದೆ ಹೋಗ್ತಿದೀನಲ್ಲಾ ಅಂತ ನಿನ್ನ ಕೈ ಹಿಡ್ಕೊಂಡೆ" ಎಂದಳು ಟೈಲರಮ್ಮ. "ನಾನು ಸಾಯೋಕೆ ಅಂತಾನೇ ಒಳಗೆ ಹೋದೆ ಕಣೇ."

ಗಾಡಿ ಬಂತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಎದ್ದಳು. ಸಹಿಯಕ್ಕ ಹಿಡಿದುಕೊಳ್ಳಲು ಕೈ ಚಾಚಿದಳು, ಟೈಲರಮ್ಮ ಅದನ್ನು ಹಿಡಿಯದೆ ಗೋಡೆ ಹಿಡಿದು ನಡೆದಳು.